ಬಂಪರಿಗೆ ಇಳಿದ ದೀಪಗಳು

"ಗುರುಗಳೇ, ಮಠಕ್ಕೆ ಬಂದಾಗ ನನ್ನಲ್ಲಿ ಸಣ್ಣಪುಟ್ಟ ದೋಷಗಳಿವೆ ಎಂದುಕೊಂಡಿದ್ದೆ. ಈಗ ಕಣ್ಣು ಮುಚ್ಚಿ ಕೂತರೆ ಬರೀ ದೋಷಗಳೇ ಕಾಣುತ್ತವೆ. ಸಿಟ್ಟು, ಹೊಟ್ಟೆಕಿಚ್ಚು, ಸುಳ್ಳು. ಸಾಧನೆ ಮಾಡಿ ಕೆಟ್ಟೆನೇ? ನನಗೆ ಸಾಕಾಗಿದೆ. ಊರಿನಲ್ಲಿ ನೆಮ್ಮದಿಯಾಗಿದ್ದೆ, ಅಲ್ಲಿಗೇ ಹೋಗಿಬಿಡಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳಿಗೂ ದಣಿವಾಗಿತ್ತು. ಇದೇ ಪ್ರಶ್ನೆಯನ್ನು ಎಷ್ಟೋ ಜನರ ಬಾಯಿಂದ ಕೇಳಿ ಬೇಸತ್ತಿದ್ದರು. ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಗೋಡೆಗೆ ಒರಗಿ ಒಂದು ಕತೆ ಹೇಳಿದರು.

ಬೆಟ್ಟದ ಮೇಲಿನ ಹಳ್ಳಿಯಲ್ಲಿ ಒಬ್ಬ ಡ್ರೈವರ್ ಇದ್ದ. ಅಲ್ಲಿಂದ ಕೆಳಗಿನ ಆಸ್ಪತ್ರೆಗೆ ಇದ್ದದ್ದು ಕಾಡಿನ ನಡುವಿನ ಕಚ್ಚಾ ದಾರಿ ಒಂದೇ. ಕಾಯಿಲೆ ಬಿದ್ದವರನ್ನು ಅವನೇ ತನ್ನ ಪಿಕಪ್ ಗಾಡಿಯ ಹಿಂದೆ ಹಾಸಿಗೆ ಹಾಸಿ ಮಲಗಿಸಿಕೊಂಡು ಒಯ್ಯುತ್ತಿದ್ದ. ಕಾಯಿಲೆ ಹಗಲು ನೋಡಿಕೊಂಡು ಬರುವುದಿಲ್ಲ. ಗಾಡಿಯ ದೀಪಗಳೋ ಮಂಕು. ಅದಕ್ಕೆ ಅವನು ಎರಡು ದೊಡ್ಡ ದೀಪ ತಂದು ಗಾಡಿಯ ನೆತ್ತಿಯ ಕ್ಯಾರಿಯರಿಗೆ ಕಟ್ಟಿಸಿದ. ಎತ್ತರದಲ್ಲಿದ್ದರೆ ಬೆಳಕು ದೂರ ಹೋಗುತ್ತದೆ ಎಂಬುದು ಅವನ ಲೆಕ್ಕ.

ಬೆಳಕು ದೂರ ಹೋಯಿತು. ದಾರಿ ಕಣದ ಹಾಗೆ ಸಮನಾಗಿ ಕಂಡಿತು. ಅವನು ಹಿಗ್ಗಿ ಜೋರಾಗಿ ಓಡಿಸಿದ. ಆದರೂ ಗಾಡಿ ಗುಂಡಿಗೆ ಬೀಳುವುದು ತಪ್ಪಲಿಲ್ಲ. ದಾರಿಯನ್ನು ಬೈದ, ಮಳೆಯನ್ನು ಬೈದ, ಪಂಚಾಯಿತಿಯವರನ್ನು ಬೈದ. ದೀಪವನ್ನು ಮಾತ್ರ ಬೈಯಲಿಲ್ಲ.

ಒಂದು ರಾತ್ರಿ ಹೆರಿಗೆ ನೋವು ತಿನ್ನುತ್ತಿದ್ದ ಹುಡುಗಿಯನ್ನು ಒಯ್ಯುವಾಗ ಮುಂದಿನ ಚಕ್ರ ಕೊರಕಲಿಗೆ ಇಳಿದು ಆಕ್ಸೆಲ್ ಮುರಿಯಿತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಆ ಏಟಿಗೆ ಕ್ಯಾರಿಯರ್ ಕಿತ್ತುಬಂದಿತ್ತು. ಗಾಡಿ ರಿಪೇರಿಯಾದ ಮೇಲೆ ಅವನು ಸದ್ಯಕ್ಕಿರಲಿ ಎಂದು ದೀಪಗಳನ್ನು ಮುಂದಿನ ಬಂಪರಿಗೆ ಬಿಗಿದ. ಅಂದು ರಾತ್ರಿ ದಾರಿ ಬೇರೆಯೇ ಆಗಿ ಕಂಡಿತು. ಕೆಳಗಿನಿಂದ ಹೋದ ಬೆಳಕಿಗೆ ಒಂದೊಂದು ಕಲ್ಲಿನ ಹಿಂದೆಯೂ ನೆರಳು ಬಿದ್ದಿತ್ತು, ಒಂದೊಂದು ಗುಂಡಿಯೂ ಕಪ್ಪಗೆ ಕಾಣುತ್ತಿತ್ತು. ಮೇಲಿನ ಬೆಳಕು ಇಷ್ಟು ದಿನ ಆ ನೆರಳನ್ನೇ ಅಳಿಸಿಹಾಕುತ್ತಿತ್ತು. ಮಗು ಹೋದ ಆ ಕೊರಕಲು ದೂರದಿಂದಲೇ ಕಂಡಿತು. ಅವನು ಗಾಡಿ ನಿಲ್ಲಿಸಿ ಅತ್ತ.

ಅತ್ತದ್ದು ಒಂದು ದಿನ. ದಾರಿ ದಿನವೂ ಇತ್ತು. ಒಂದು ಗುಂಡಿ ತಪ್ಪಿಸಿದರೆ ಇನ್ನೊಂದು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತೋಳು ಸೋತುಹೋಗುತ್ತಿತ್ತು, ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಕಡೆಗೆ ಅವನು ಹೆಂಡತಿಯ ಮುಂದೆ ಕೈಚೆಲ್ಲಿದ. ದೀಪ ಮೇಲಿದ್ದಾಗ ಇಷ್ಟು ಕಷ್ಟವಿರಲಿಲ್ಲ, ಇನ್ನು ತನ್ನ ಕೈಲಾಗದು, ಮತ್ತೆ ಮೇಲಕ್ಕೇ ಕಟ್ಟಿಸುತ್ತೇನೆ ಎಂದ.

ಅವಳು ಕೇಳಿದ್ದು ಇಷ್ಟೇ: "ಮೇಲಿದ್ದಾಗ ನಿಮಗೇನೋ ಆರಾಮಿತ್ತು. ಹಿಂದೆ ಮಲಗಿದ್ದೋಳಿಗೆ ಇತ್ತಾ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಆ ಡ್ರೈವರ್ ದೀಪಗಳನ್ನು ಎಲ್ಲಿ ಕಟ್ಟಿಸಿದ ಎಂದು ಶಿಷ್ಯ ವಿಚಾರಿಸಿದ.

"ಅವನದು ಬಿಡು," ಎಂದರು ಗುರುಗಳು. "ಊರಿನಲ್ಲಿ ನೀನು ನೆಮ್ಮದಿಯಾಗಿದ್ದೆಯಲ್ಲ, ಆಗ ನಿನ್ನ ಗಾಡಿಯ ಹಿಂದೆ ಮಲಗಿದ್ದವರು ಯಾರು?"