ಬಾಳಪ್ಪ ಬರೆದ ರಕ್ತದ ಪೆಟ್ಟಿಗೆ

ಹೂಂ ಅನ್ನುವವರು ಒಬ್ಬರಾದರೂ ಇರಬೇಕು, ಆಮೇಲೆ ನಾನು ಬಾಯಿ ಬಿಡುತ್ತೇನೆ. ಸರಿ, ಕೇಳಿ. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಫಕೀರವ್ವ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ ಬಾಳಪ್ಪ, ಅಂಗಡಿಗಳ ಬೋರ್ಡು ಬರೆಯುವವನು. ಅವನ ಕೈಯಂಥ ಕೈ ನಾನು ಕಂಡಿಲ್ಲ. ಚಹದಂಗಡಿಯ ಗೋಡೆಗೆ ಅವನು ಬರೆದ ಚಹದ ಕಪ್ಪನ್ನು ಜನ ಬಿಸಿಯಿದೆ ಅಂತ ಊದಿ ನೋಡುತ್ತಿದ್ದರು. ಕೈಯನ್ನು ಮನಸ್ಸಿಟ್ಟು ಮಾಡಿದ ದೇವರು ತಲೆಯ ಹೊತ್ತಿಗೆ ಎದ್ದು ಹೋಗಿದ್ದ, ಅಷ್ಟೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ.

ಇತ್ತ ಫಕೀರವ್ವನಿಗೆ ಎರಡು ಹೆಜ್ಜೆಗೆ ಏದುಸಿರು. ಕೊಡ ಎತ್ತಿದರೆ ಕಣ್ಣು ಕತ್ತಲೆ. ಯಾರು ಕೇಳಿದರೂ ಒಂದೇ ಮಾತು: "ನನಗೇನಾಗೇತಿ? ಈ ಮಗನ ಚಿಂತಿ ತಿನ್ನಾಕತ್ತೈತಿ." ದವಾಖಾನೆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅದೇ ಊರಲ್ಲಿ ಹಂಚಿನಾಳ ಮೇಡಂ ಅನ್ನುವ ಇಂಜಿನಿಯರು ಅಂಗೈಯಗಲದ ಒಂದು ಪೆಟ್ಟಿಗೆ ಮಾಡಿದ್ದರು. ಬೆರಳಿನ ಒಂದು ಹನಿ ಇಟ್ಟರೆ ಸಾಕು, ಮೈಯಲ್ಲಿ ರಕ್ತದ ಕಸುವು ಎಷ್ಟಿದೆ ಅಂತ ನಂಬರ್ ತೋರಿಸುತ್ತಿತ್ತು. ಮನುಷ್ಯನ ಒಳಗನ್ನು ಹೊರಗೆ ಕೂತು ನೋಡುವ ಪೆಟ್ಟಿಗೆ! ಬಾಳಪ್ಪ ಅದನ್ನು ಕಂಡವನೇ ಚಪ್ಪಲಿ ಬಿಟ್ಟು ಕೈಮುಗಿದ. ನಾನಿದ್ದರೂ ಮುಗಿಯುತ್ತಿದ್ದೆ. ಆದರೆ ತಯಾರಾಗಿದ್ದು ಒಂದೇ ಮಾದರಿ, ಅದೂ ಒರಟು. ಅಚ್ಚು ಹಾಕಿಸಿ ನೂರಾರು ಮಾಡಿಸುವ ಮೊದಲು ಡಾಕ್ಟರುಗಳಿಗೆ ತೋರಿಸಲು ಚಂದದ ಚಿತ್ರ ಬೇಕಿತ್ತು, ಅದಕ್ಕೇ ಬಾಳಪ್ಪನನ್ನು ಕರೆಸಿದ್ದರು.

"ಇದ್ದದ್ದು ಇದ್ದಂಗ ಬರಿಯಪಾ," ಅಂದರು ಮೇಡಂ.

ಬರೆದ. ಪೆಟ್ಟಿಗೆಗೆ ಸುತ್ತಿದ ಟೇಪು ಬರೆದ, ಜೋತುಬಿದ್ದ ವೈರು ಬರೆದ, ಮೇಡಂ ಹೆಬ್ಬೆಟ್ಟಿನ ಎಣ್ಣೆಗುರುತೂ ಬರೆದ. ಮೇಡಂ ಉಗುರಿನಿಂದ ಟೇಪು ಕೀಳಲು ಹೋದರು. ಬರಲಿಲ್ಲ, ಅದು ಬಣ್ಣ. ಆಮೇಲೆ ಬರೀ ಬೈಗುಳ. ಇದ್ದದ್ದನ್ನು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಬರೆದರೂ ಅಷ್ಟೇ.

ಮನೆಯಲ್ಲಿ ಅವ್ವನೂ ಬೈದಳು. "ಹೊಲಸೆಲ್ಲಾ ಯಾಕ ಬರದ್ಯೋ? ಮ್ಯಾಲಿಂದೆಲ್ಲಾ ತಗದು ಬರಿ."

ತೆಗೆದ. ಟೇಪು ತೆಗೆದ, ವೈರು ತೆಗೆದ, ಗುಂಡಿ ತೆಗೆದ, ನಂಬರ್ ಕಾಣುವ ಕಿಟಕಿಯನ್ನೂ ತೆಗೆದ. ಬೆಳ್ಳಗೆ ಹೊಳೆಯುವ ಒಂದು ತುಂಡು ಉಳಿಯಿತು. ನೋಡಿದವರಿಗೆ ಮೈ ತೊಳೆಯುವ ಆಸೆ ಬರಬೇಕು, ಅಂಥ ಚಿತ್ರ.

"ಸೋಪ್ ಬರಕೊಂಡು ಬಂದೀಯಲ್ಲೋ," ಅಂದರು ಮೇಡಂ. "ಎಲ್ಲಿ ತಲಿ ಚಚ್ಚಿಕೊಳ್ಳಲಿ ನಾ? ಗುಂಡಿ ಇರಲಿ, ಕಿಟಕಿ ಇರಲಿ, ಕಿಟಕ್ಯಾಗ ನಂಬರ್ ಇರಲಿ."

"ಯಾವ ನಂಬರ್ರೀ?"

"ಮಷಿನ್ ಏನು ಹೇಳತೈತೋ ಅದು. ನನ್ನ ಕೇಳಬ್ಯಾಡ, ಅದನ್ನ ಕೇಳು."

ಬಾಳಪ್ಪ ಪೆಟ್ಟಿಗೆಯನ್ನು ಮನೆಗೆ ಒಯ್ದು, ಎದುರಿಗೆ ಕೂತು ಕೇಳಿದ. ಪೆಟ್ಟಿಗೆ ಸುಮ್ಮನಿತ್ತು. ಪಾಪ, ಉಪವಾಸ ಇರಬೇಕು ಅಂದುಕೊಂಡ. ಅದರ ಊಟ ರಕ್ತದ ಹನಿಯಲ್ಲವೇ? ತನ್ನ ಬೆರಳಿಗೆಲ್ಲ ಬಣ್ಣ ಮೆತ್ತಿತ್ತು. ಅವ್ವನ ಬೆರಳು ಹಿಡಿದು, ಪೆಟ್ಟಿಗೆಯ ಜೊತೆ ಬಂದ ಸೂಜಿಯಿಂದ ಚುಚ್ಚಿದ.

"ಏನ್ ಮಾಡಾಕತ್ತೀಯೋ ಹುಚ್ಚಾ?"

"ನಂಬರ್ ಕೇಳಾಕತ್ತೀನಬೇ."

ಕಿಟಕಿಯಲ್ಲಿ ಆರು ಮೂಡಿತು. ಬಾಳಪ್ಪ ಆರು ಬರೆದ. ಪಕ್ಕದಲ್ಲಿ ಅವ್ವನ ಬೆರಳನ್ನೂ ಬರೆದ: ಹತ್ತಿಯ ಬತ್ತಿಯಂಥ ಬಿಳಿ ಬೆರಳು, ತುದಿಗೆ ತೆಳ್ಳನೆಯ ಕೆಂಪು ಹನಿ.

ಮೇಡಂ ಬೈಯಲೆಂದೇ ಬಾಯಿ ತೆರೆದರು. "ಹನ್ನೆರಡಾದರೂ ಇರಬೇಕೋ. ಆರು ಅಂದ್ರ ಎದ್ದು ಓಡಾಡೋರ ನಂಬರ್ ಅಲ್ಲ. ಯಾರ ಬೆರಳಿದು?"

"ನಮ್ಮವ್ವಂದು."

ಮೇಡಂ ಮುಂದೆ ಬೈಯಲಿಲ್ಲ. ಚಿತ್ರ ಹಿಡಿದುಕೊಂಡು ನೇರ ಫಕೀರವ್ವನ ಮನೆಗೇ ಬಂದರು, ನಂಬರಿನ ಅರ್ಥ ಹೇಳಿದರು. ಫಕೀರವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ನಾ ಯಾರ ಮುಂದೂ ಹೇಳಿದ್ದಿಲ್ಲ," ಅಂದಳು. "ಇದಕ್ಕ ಹೆಂಗ ಗೊತ್ತಾತು?"

ದವಾಖಾನೆಯಲ್ಲಿ ಮಲಗಿಸಿ ರಕ್ತ ಏರಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಬಾಳಪ್ಪನಿಗೆ ಹೇಳಿದರು: "ದಿನಾ ಗುಳಿಗಿ ಕೊಡು. ನಂಬರ್ ಹನ್ನೆರಡು ಆಗೋತನಕ ಅವ್ವನ ಕೈಲೆ ಕೊಡ ಹೊರಸಬ್ಯಾಡ. ನಂಬರ್ ಮ್ಯಾಲೆ ಒಂದು ಕಣ್ಣಿಟ್ಟಿರು."

ಇಟ್ಟ. ಮೇಡಂ ಪೆಟ್ಟಿಗೆಯನ್ನು ವಾಪಸು ಒಯ್ದು, ಆ ಚಿತ್ರದ ಫೋಟೊ ತೆಗೆದುಕೊಂಡು, ಚಿತ್ರವನ್ನು ಅವನಿಗೇ ಬಿಟ್ಟಿದ್ದರು. ಅದನ್ನು ಗೋಡೆಗೆ ತೂಗುಹಾಕಿ ಕಣ್ಣಿಟ್ಟ. ಗುಳಿಗೆ ಕೊಡುವುದು, ಚಿತ್ರ ನೋಡುವುದು. ಯುಗಾದಿ ಬಂತು, ಆರು. ಕಾರಹುಣ್ಣಿಮೆ ಬಂತು, ಆರು. ಫಕೀರವ್ವನ ಕೆನ್ನೆಗೆ ಬಣ್ಣ ಬಂತು, ಬೈಗುಳಕ್ಕೆ ದನಿ ಬಂತು. ಕದ್ದು ನಲ್ಲಿಗೆ ಹೋಗಿ ಎರಡೆರಡು ಕೊಡ ಹೊತ್ತು ತಂದಳು. ಮಗ ಹಿಂದೆಯೇ ಓಡಿಬಂದು ಕೊಡ ಕಸಿದುಕೊಂಡು ಅತ್ತ. "ಇನ್ನೂ ಆರೇ ಐತಬೇ. ನೀ ಸತ್ರ ನನಗ ಯಾರು? ಮಲಕೋ."

ಕೊನೆಗೆ ಫಕೀರವ್ವ ಮೇಡಂಗೆ ಹೇಳಿ ಕಳಿಸಿದಳು. ಬೆರಳಿನ ಆ ಚಿತ್ರ ನೋಡಿಯೇ ಡಾಕ್ಟರುಗಳು ಒಪ್ಪಿದ್ದರು, ಅಚ್ಚಿನ ಹೊಸ ಪೆಟ್ಟಿಗೆ ಬಂದಿತ್ತು. ಮೇಡಂ ಅದನ್ನೇ ತಂದು ಫಕೀರವ್ವನ ಬೆರಳು ಚುಚ್ಚಿದರು. ಮೂವರೂ ಬಗ್ಗಿ ನೋಡಿದರು. ಕಿಟಕಿಯಲ್ಲಿ ಹನ್ನೆರಡು ಮೂಡಿತು. ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಾಳಪ್ಪ ಪೆಟ್ಟಿಗೆ ನೋಡಿದ. ಗೋಡೆ ನೋಡಿದ. ಮತ್ತೆ ಪೆಟ್ಟಿಗೆ ನೋಡಿದ. ಅದಕ್ಕೆ ಕೈಮುಗಿದು, ದೊಡ್ಡವರ ತಪ್ಪು ಹೇಳುವ ಸಂಕೋಚದಿಂದ ಮೆಲ್ಲಗೆ ಅಂದ: "ಸಿಟ್ಟಾಗಬ್ಯಾಡ್ರಿ ಮೇಡಂ. ನಿಮ್ಮ ಮಷಿನ್ ಕೆಟ್ಟೈತ್ರಿ."

ಅಂದವನೇ ಅವ್ವನ ಕೈಹಿಡಿದು ಕರೆದುಕೊಂಡು ಹೋಗಿ ಮಲಗಿಸಿ, ಕೌದಿ ಹೊದಿಸಿದ.