ಬಾಳೆಗುಡ್ಡಕ್ಕೊಂದು ಕೊಳ

ಮಕ್ಕಳೇ, ನೇರಳೆಕಾಡಿಗೆ ಗುಡುಗಪ್ಪ ಎಂಬ ಕಾಡುಕೋಣ ದೊರೆಯಾಗಿದ್ದ. ಕಣಿವೆಯಾಚೆಯ ಬಾಳೆಗುಡ್ಡವೂ ಅವನದೇ ವಸಾಹತು. ಅವನ ತಾತ ಕೊಂಬಿನ ಬಲದಿಂದ ಗೆದ್ದದ್ದು. ಅಲ್ಲಿನ ಕೋತಿಗಳು ವರ್ಷವಿಡೀ ಹಣ್ಣು ತಿಂದು, ಬಂಡೆಯ ತುದಿಯ ಬುಗ್ಗೆಯಲ್ಲಿ ತಣ್ಣನೆಯ ನೀರು ಕುಡಿದು ಹಾಯಾಗಿದ್ದವು.

ನೇರಳೆಕಾಡಿಗೆ ಇದ್ದದ್ದು ಒಂದೇ ಕೆರೆ. ಅದರಲ್ಲೂ ಹೂಳು ತುಂಬಿತ್ತು. ಹೂಳೆತ್ತಬಲ್ಲವರು ಕಾಡುಹಂದಿಗಳು ಮಾತ್ರ. ನೆಲ ಹಸಿಯಾಗಿರುವಾಗಲೇ ಅವು ಮೂತಿ ಹಾಕಬೇಕು; ಬೇಸಿಗೆ ಬಂತೆಂದರೆ ನೆಲ ಕಲ್ಲಾಗುತ್ತದೆ. ಹಾಗಾಗಿ ವರ್ಷಕ್ಕೆ ಒಂದೇ ಕಡೆ ಕೆಲಸ.

ಎಲ್ಲಿ ಎಂದು ತೀರ್ಮಾನಿಸಲು ದೊರೆ ಒಂದು ಪದ್ಧತಿ ಇಟ್ಟುಕೊಂಡಿದ್ದ. ಎಲ್ಲ ಕಡೆ ಸವಾರಿ ಹೋಗುವುದು, ಎಲ್ಲಿ ಸ್ವಾಗತ ಜೋರಾಗಿತ್ತೋ ಅಲ್ಲಿಗೆ ಹಂದಿಗಳನ್ನು ಕಳಿಸುವುದು. ಎಂಥ ಅಚ್ಚುಕಟ್ಟಾದ ನ್ಯಾಯ ನೋಡಿ!

ಆ ವರ್ಷ ಅವನು ಮೊದಲು ಕೆರೆಗೆ ಬಂದ. ಆಮೆ ನಿಂಗವ್ವ ಕೆಸರಿನಿಂದ ತಲೆ ಎತ್ತಿದಳು.

"ಬುದ್ಧೀ, ಹೂಳು ತೆಗೆಸಿಕೊಡಿ. ಕೆರೆ ಬತ್ತಿದರೆ ನನ್ನ ಮಕ್ಕಳು ಉಳಿಯಲ್ಲ. ನಿಮಗೂ ಕುಡಿಯೋಕೆ ನೀರಿರಲ್ಲ."

"ಹಾರ ಎಲ್ಲಿ?" ಎಂದ ದೊರೆ.

"ಹೂ ಬಿಡೋಕೂ ನೀರು ಬೇಕಲ್ಲ ಬುದ್ಧೀ."

"ಯಾವಾಗ ನೋಡಿದರೂ ಗೋಳು!" ಎಂದು ದೊರೆ ಮೂಗು ಮುರಿದ. ಅವನಿಗೆ ನಿಜಕ್ಕೂ ಬೇಸರವಾಗಿತ್ತು. ದೊರೆಯನ್ನು ಹೀಗೆ ಕೆಸರಲ್ಲಿ ನಿಲ್ಲಿಸಿ ಮಾತಾಡಿಸುವುದೇ?

ಬಾಳೆಗುಡ್ಡದಲ್ಲಿ ಕೋತಿಗಳು ಹೂವಿನ ಮಳೆಯನ್ನೇ ಸುರಿಸಿದವು. ಗೊನೆಗಟ್ಟಲೆ ಹಣ್ಣು ತಂದಿಟ್ಟವು.

"ನಿಮ್ಮಂಥ ದೊರೆ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟೋದೂ ಇಲ್ಲ!" ಎಂದ ಕೋತಿಗಳ ಯಜಮಾನ ಲಾಗಣ್ಣ.

ಗುಡುಗಪ್ಪ ಉಬ್ಬಿಹೋದ. "ಏನು ಬೇಕು ಕೇಳಯ್ಯ!"

ಲಾಗಣ್ಣ ತಲೆ ಕೆರೆದುಕೊಂಡ. ಬೇಕಾದದ್ದು ಏನೂ ಇರಲಿಲ್ಲ. ಆದರೆ ಕೊಡುತ್ತೇನೆಂದಾಗ ಬೇಡ ಎಂದರೆ ಅವನು ಕೋತಿ ಹೇಗಾದಾನು? "ಒಂದು ಕೊಳ ಇರಲಿ ಮಹಾಸ್ವಾಮಿ. ನಿಮ್ಮ ಹೆಸರೇ ಇಡ್ತೀವಿ."

"ಇಲ್ಲಿ ಬುಗ್ಗೆ ಇದೆಯಲ್ಲ ಒಡೆಯಾ..." ಎಂದಿತು ದೊರೆಯ ಜೊತೆ ಬಂದಿದ್ದ ಮುದಿ ಹಂದಿ.

"ನಿನಗೇನು ಗೊತ್ತು? ಅಭಿವೃದ್ಧಿ ಆಗಿರೋ ಕಡೆ ಇನ್ನಷ್ಟು ಮಾಡಿದರೆ ತಾನೇ ಎದ್ದು ಕಾಣೋದು!"

ಹಂದಿಗಳು ತೆಪ್ಪಗೆ ಅಗೆದವು. 'ಗುಡುಗಪ್ಪ ಕೊಳ' ಸಿದ್ಧವಾಯಿತು.

ಬೇಸಿಗೆಯಲ್ಲಿ ನೇರಳೆಕಾಡಿನ ಕೆರೆ ಬಿರುಕು ಬಿಟ್ಟಿತು. ನಿಂಗವ್ವ ಕಣ್ಣೀರು ಒರೆಸಿಕೊಂಡು, ಮಕ್ಕಳನ್ನು ಬೆನ್ನಮೇಲೆ ಹೇರಿಕೊಂಡು ಬೇರೆ ಕಾಡಿಗೆ ಹೊರಟಳು. ಮೊಲ, ಜಿಂಕೆಗಳೂ ಹಿಂದೆಯೇ ನಡೆದವು. ಬಾಯಾರಿ ಬಸವಳಿದ ದೊರೆ, ನನ್ನ ಕೊಳ ಇದೆಯಲ್ಲ ಎಂದು ಏದುಸಿರು ಬಿಡುತ್ತಾ ಬಾಳೆಗುಡ್ಡಕ್ಕೆ ಬಂದ.

ಕೊಳದ ತುಂಬ ಬಾಳೆಸಿಪ್ಪೆ!

"ಅಯ್ಯೋ, ನೀರೆಲ್ಲಿ?"

"ಬುಗ್ಗೇಲಿದೆ, ಹತ್ತಿ ಬನ್ನಿ ಮಹಾಸ್ವಾಮಿ," ಎಂದ ಲಾಗಣ್ಣ ಬಂಡೆಯ ಮೇಲಿಂದ. ಅಷ್ಟು ಕಡಿದಾದ ಬಂಡೆಯನ್ನು ಕೋಣ ಹತ್ತುವುದುಂಟೇ? "ಬೊಗಸೆಯಲ್ಲಿ ತರೋಣ ಅಂದ್ರೆ ದಾರೀಲೇ ಸೋರಿಹೋಗುತ್ತೆ. ಒಂದು ಕೆಲಸ ಮಾಡಿ. ಸಿಪ್ಪೆ ತೆಗೆಯೋಕೆ ಇನ್ನೊಂದು ಸಲ ಹಂದಿಗಳನ್ನ ಕಳಿಸಿ. ಈ ಸಲ ನಿಮ್ಮ ತಾತನ ಹೆಸರೂ ಸೇರಿಸ್ತೀವಿ!"

ಆ ಸಂಕಟದಲ್ಲೂ ಗುಡುಗಪ್ಪನಿಗೆ ಆ ಮಾತು ಹಿತವಾಯಿತು. ಅಪ್ಪಣೆ ಕೊಡಲು ಹಿಂದೆ ತಿರುಗಿದ. ಹಂದಿಗಳು ಎಲ್ಲಿದ್ದವು? ಅವೂ ನಿಂಗವ್ವನ ದಾರಿ ಹಿಡಿದು ಹೋಗಿದ್ದವು.

ನೀತಿ: ಹೊಗಳಿಕೆಗೆ ಮರುಳಾಗಿ ಉಳ್ಳವರಿಗೇ ನೆರವು ಸುರಿಯುವ ದೊರೆಗೆ ಕಷ್ಟಕಾಲದಲ್ಲಿ ನೀರೂ ಇರುವುದಿಲ್ಲ, ತನ್ನವರೂ ಇರುವುದಿಲ್ಲ.