ಬೋರಲು ಬಟ್ಟಲ ಗುಡ್ಡ

ಕೂತುಕೊಳ್ಳಿ, ಹೀಗೆ ನೆರಳಿಗೆ ಸರಿದು ಕೂತುಕೊಳ್ಳಿ. ಅರಮನೆ ಸುತ್ತಿ ಬಂದ ಕಾಲು ನೋಯುತ್ತಿರುತ್ತದೆ. ನೀರು ಕುಡಿದು, ಕಾಲು ನೀಡಿಕೊಂಡು ಒಂದಿಷ್ಟು ಕೇಳಿ. ಕೆಳಗೆ ಟಿಕೆಟ್ ಹರಿದು ಒಳಗೆ ಬಿಡುತ್ತಾರಲ್ಲ, ಆ ಅರಮನೆಯ ಗೋಡೆಗಳಲ್ಲಿ ಈಗಲೂ ಮುಖ ಕಾಣುತ್ತದೆ. ಕಂಬದ ಗಿಳಿಗಳನ್ನೂ ಬಾಗಿಲ ಬಳ್ಳಿಗಳನ್ನೂ ನೋಡಿ ಮುಗಿಸಿದವರು ಆ ಗೋಡೆಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಾರೆ, ಮೊಬೈಲು ಹಿಡಿದು ನಗುತ್ತಾರೆ. ಆಮೇಲೆ ಏದುಸಿರು ಬಿಡುತ್ತ ಗುಡ್ಡ ಹತ್ತಿ ಈ ಬುದ್ಧನ ಗುಡಿಗೆ ಬರುತ್ತಾರೆ. ಇಲ್ಲಿ ಅಂಥ ಚಂದವೇನೂ ಇಲ್ಲ. ಮೂಗು ಸವೆದ ಬುದ್ಧ, ಅವನೆದುರು ಬಂಡೆಯಲ್ಲಿ ಕಡೆದ ಒಂದು ಬೋರಲು ಬಟ್ಟಲು, ಅಷ್ಟೇ. ಗುಡ್ಡ ದೂರದಿಂದ ಕವುಚಿದ ಬಟ್ಟಲಿನ ಹಾಗೆ ಕಾಣುವುದರಿಂದ ಈ ಹೆಸರು ಬಂತೆಂದು ಕರೆತಂದವರು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಗುಡ್ಡ ಹಾಗೆ ಕಾಣುವುದೂ ಇಲ್ಲ; ಮುದಿ ಎಮ್ಮೆ ಮಲಗಿದ ಹಾಗಿದೆ. ಕಣ್ಣಿದ್ದವರು ನೋಡಲಿ.

ಹಿಂದೆ ಒಮ್ಮೆ, ಈ ಸೀಮೆಯನ್ನು ಮಾಂಚರಸನೆಂಬವನು ಆಳುತ್ತಿದ್ದಾಗ, ಗುಡ್ಡದ ಬುಡದ ದನಗಾಹಿಗಳ ಹಟ್ಟಿಯಲ್ಲಿ ಮಾಳವ್ವೆ ಎಂಬ ಹೆಂಗಸು ಇದ್ದಳು ಎನ್ನುತ್ತಾರೆ. ಅವಳ ಮಗಳು ಹೆತ್ತ ನೋವಿನಲ್ಲೇ ಕಣ್ಣು ಮುಚ್ಚಿದಳು. ಕೂಸು ಅಜ್ಜಿಯ ಮಡಿಲಿಗೆ ಬಿತ್ತು. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಕಂದುಹಸು ಒಂದಿತ್ತು, ಹಾಗಾಗಿ ಕೂಸನ್ನು ಉಳಿಸಿಕೊಂಡೇನು ಎಂದು ಮಾಳವ್ವೆ ಧೈರ್ಯ ತಂದುಕೊಂಡಿದ್ದಳು. ಅಷ್ಟರಲ್ಲಿ ಅರಸನ ಹೊಸ ಅರಮನೆಗೆ ಕಲ್ಲಿನ ಕೆಲಸ ಮುಗಿದು ಗಾರೆಯ ಕೆಲಸ ಬಂತು. ಗೋಡೆ ಕನ್ನಡಿಯಾಗಬೇಕಾದರೆ ಕೊನೆಯ ಗಾರೆಯನ್ನು ಹಾಲು ಹಾಕಿ ಅರೆಯಬೇಕೆಂದು ಯಾರೋ ಹೇಳಿದರು. ಅರಸನಿಗೆ ಅಷ್ಟು ಸಾಕಾಯಿತು. ಬೆಳಗಾದರೆ ಆಳುಗಳು ಹಟ್ಟಿಗೆ ನುಗ್ಗಿ, ನೊರೆ ಆರುವ ಮೊದಲೇ ಹಾಲನ್ನು ಕೊಡಗಳಿಗೆ ಸುರಿದುಕೊಂಡು ಹೋಗತೊಡಗಿದರು. ಕರುವಿಗೂ ಇಲ್ಲ, ಕೂಸಿಗೂ ಇಲ್ಲ. ಒಂದು ಗುಟುಕು ಬಿಟ್ಟುಹೋಗಿ ಎಂದು ಮಾಳವ್ವೆ ಕೊಡದ ಕಂಠ ಹಿಡಿದುಕೊಂಡಾಗ, ಆಳುಗಳ ಮುಂದಾಳು ಚಟ್ಟಯ್ಯ ಅವಳ ಬೆರಳುಗಳನ್ನು ಬಿಡಿಸಿದ.

“ಗಂಜಿ ಕುಡಿಸು ಅಜ್ಜಿ. ನಿನ್ನ ಮೊಮ್ಮಗನೇನು ಅರಮನೆಯ ಗೋಡೆಯೇ?”

“ಗೋಡೆಗೆ ಹಸಿವಾಗುತ್ತದೇನೋ ಚಟ್ಟಯ್ಯ?”

“ಅರಸರ ಗೋಡೆಗೆ ಆಗುತ್ತದೆ,” ಎಂದು ಅವನು ಕೊಡ ಹೊತ್ತು ನಡೆದ.

ಗಂಜಿ ಕೂಸಿನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹಟ್ಟಿಯಲ್ಲಿ ಎಳೆಯ ಮಕ್ಕಳು ಒಂದೊಂದಾಗಿ ಹೋದವು. ತಂಗಡಿ ಗಿಡಗಳ ಕೆಳಗೆ ಸಣ್ಣ ಸಣ್ಣ ಮಣ್ಣಗುಪ್ಪೆಗಳು ಎದ್ದವು. ಅತ್ತ ಗೋಡೆಗಳು ದಿನದಿನಕ್ಕೆ ಹೊಳೆದವು. ಒಳಗಿನ ಕೋಣೆಗಳು ಇನ್ನೂ ಬಾಕಿ ಇದ್ದರೂ ಅರಸ ಗೃಹಪ್ರವೇಶಕ್ಕೆ ದಿನ ಇಟ್ಟ. ಈ ಗುಡಿಯಲ್ಲಿ ಆಗ ಕಾವಿಯುಟ್ಟ ಭಿಕ್ಖುಣಿಯರಿದ್ದರು, ಅವರಿಗೆಲ್ಲ ಹಿರಿಯಳು ಕೇಮಕ್ಕ. ಅವರದೊಂದು ಕಟ್ಟಳೆ: ಬಟ್ಟಲು ಹಿಡಿದು ಮನೆಯ ಮುಂದೆ ನಿಲ್ಲುವುದು, ಬಾಯಿಬಿಟ್ಟು ಬೇಡಬಾರದು, ಬಿದ್ದದ್ದನ್ನು ಒಲ್ಲೆನೆನ್ನಬಾರದು. ಅರಸ ನೆಚ್ಚಿಕೊಂಡದ್ದು ಇದನ್ನೇ. ಹಾಲಿನ ಪಾಯಸವನ್ನು ತನ್ನ ಕೈಯಾರೆ ಅವಳ ಬಟ್ಟಲಿಗೆ ಬಡಿಸಿದರೆ ಅವಳು ಉಣ್ಣಲೇಬೇಕು. ಅವಳು ಉಂಡ ಮನೆಯ ಬಗ್ಗೆ ಆಮೇಲೆ ಯಾರು ತುಟಿ ಬಿಚ್ಚುತ್ತಾರೆ? ಮಿಕ್ಕ ಕೋಣೆಗಳಿಗೂ ಹಾಲು ನಿರಾತಂಕವಾಗಿ ಬರುತ್ತದೆ.

ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ಮಾಳವ್ವೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗುಡ್ಡ ಹತ್ತಿದಳು. ಕೇಮಕ್ಕ ಬಟ್ಟಲು ತೊಳೆಯುತ್ತಿದ್ದಳು.

“ನಾಳೆ ಅರಮನೆಯಲ್ಲಿ ಪಾಯಸವಂತೆ, ಕೇಮಕ್ಕ.”

“ಕರೆದಿದ್ದಾರೆ.”

“ಉಣ್ಣುತ್ತೀಯಾ?”

“ಬಿದ್ದದ್ದನ್ನು ಒಲ್ಲೆನೆನ್ನುವ ಹಾಗಿಲ್ಲ, ಮಾಳವ್ವೆ. ನಿನಗೆ ತಿಳಿಯದ್ದೇ?”

“ತಿಳಿದದ್ದೇ. ನನ್ನ ಮನೆಯ ಹುಳಿ ಅಂಬಲಿಯನ್ನೂ ಮುಖ ಸಿಂಡರಿಸದೆ ಕುಡಿದವಳು ನೀನು. ಅದಕ್ಕೇ ಹೇಳಿಹೋಗೋಣವೆಂದು ಬಂದೆ. ನಾಳೆ ಚೆನ್ನಾಗಿ ಸವಿದು ಉಣ್ಣು. ಅದು ಇವನ ಪಾಲಿನದು.”

ಹೀಗೆಂದು ಕೂಸನ್ನು ಅವಳ ಮಡಿಲಲ್ಲಿ ಹಾಕಿದಳು. ಒಣಗಿದ ಸೋರೆಬುರುಡೆಯಷ್ಟೂ ತೂಕವಿರಲಿಲ್ಲ. ಅಳಲು ಕಸುವಿಲ್ಲದ ಆ ಬಾಯಿ ಕಾವಿಬಟ್ಟೆಯ ಅಂಚನ್ನು ತಡಕಿ ಚೀಪತೊಡಗಿತು. ಕೇಮಕ್ಕ ಸಿಟ್ಟನ್ನು ಗೆದ್ದವಳೆಂದು ಸೀಮೆಯೆಲ್ಲ ಹೇಳುತ್ತಿತ್ತು. ಅವಳ ದವಡೆ ಬಿಗಿದದ್ದನ್ನು ಅಂದು ಮಾಳವ್ವೆ ಒಬ್ಬಳೇ ಕಂಡಳು. ಕೇಮಕ್ಕ ಕೂಸನ್ನು ಹಿಂದಕ್ಕೆ ಕೊಟ್ಟು ಮತ್ತೆ ಬಟ್ಟಲು ತೊಳೆಯತೊಡಗಿದಳು. ಮಾಳವ್ವೆ, ಇವಳಿಂದಲೂ ಏನೂ ಆಗದು ಎಂದು ಹಲ್ಲು ಕಚ್ಚಿಕೊಂಡು ಗುಡ್ಡ ಇಳಿದಳು.

ಮರುದಿನ ಅರಮನೆಯ ಮುಂದೆ ಜನ ಕಿಕ್ಕಿರಿದಿತ್ತು. ಮಾಳವ್ವೆಯೂ ಕೂಸಿನೊಂದಿಗೆ ಗಾರೆಯ ಗುಂಡಿಯ ಪಕ್ಕದಲ್ಲಿ ನಿಂತಿದ್ದಳು. ಭಿಕ್ಖುಣಿಯರು ಸಾಲಾಗಿ ಬಂದು ಹೊಸ್ತಿಲ ಬಳಿ ನಿಂತರು. ಅರಸ ಬೆಳ್ಳಿಯ ಸೌಟು ಹಿಡಿದು ಮುಂದೆ ಬಂದ.

“ಒಳಗೆ ದಯಮಾಡಿಸಬೇಕು, ತಾಯಿ.”

“ನಮ್ಮ ಬಟ್ಟಲು ಚಿಕ್ಕದು, ಅರಸ. ಹಟ್ಟಿಯ ಮಕ್ಕಳೆಲ್ಲ ಅದರಲ್ಲಿ ಹಿಡಿಸುವುದಿಲ್ಲ.”

ಅವನು ನಕ್ಕು ಸೌಟು ಬಾಗಿಸಿದ. ಕೇಮಕ್ಕ ಎಲ್ಲರ ಕಣ್ಣೆದುರು ಬಟ್ಟಲನ್ನು ಬೋರಲು ಹಾಕಿ ಹಿಡಿದಳು. ಪಾಯಸ ಅದರ ಬೆನ್ನ ಮೇಲಿಂದ ಜಾರಿ ಕನ್ನಡಿಯಂಥ ನೆಲಕ್ಕೆ ಸುರಿಯಿತು. ಹಿಂದಿದ್ದವರೂ ತಮ್ಮ ತಮ್ಮ ಬಟ್ಟಲು ಕವುಚಿದರು.

“ಒಲ್ಲೆನೆನ್ನುವ ಹಾಗಿಲ್ಲ ನೀವು,” ಎಂದ ಅರಸ.

“ಒಲ್ಲೆನೆನ್ನಲಿಲ್ಲ. ಇನ್ನು ಈ ಮನೆಗೆ ನಮ್ಮ ಬಟ್ಟಲೇ ಇಲ್ಲ.”

ಬಟ್ಟಲು ಬೋರಲಾದ ಮನೆಯಲ್ಲಿ ಉಣ್ಣಬಾರದು, ದುಡಿಯಬಾರದು, ಆ ಮನೆಯ ನೀರನ್ನೂ ಮುಟ್ಟಬಾರದು ಎಂಬುದು ಹಳೆಯ ಕಟ್ಟಳೆ. ಅಜ್ಜಿಯರ ಬಾಯಲ್ಲಿ ಕೇಳಿದವರಿದ್ದರು, ಕಣ್ಣಾರೆ ಕಂಡವರಿರಲಿಲ್ಲ. ಅಂದು ಕಂಡರು. ಎಲೆಯ ಮುಂದೆ ಕೂತಿದ್ದ ನೆಂಟರು ಎದ್ದರು. ಒಳಕೋಣೆಯಲ್ಲಿ ಗೋಡೆ ತಿಕ್ಕುತ್ತಿದ್ದವರು ನುಣುಪುಗಲ್ಲನ್ನು ಅಲ್ಲಲ್ಲೇ ಇಟ್ಟು ಹೊರಬಂದರು. ಗಾರೆಯ ಗುಂಡಿಗೆ ಸುರಿಯಲು ಹಾಲು ತಂದಿದ್ದ ಚಟ್ಟಯ್ಯನ ಕೈಯಿಂದ ಮಾಳವ್ವೆ ಕೊಡವನ್ನು ಕಿತ್ತುಕೊಂಡಳು, ಅವನು ತಡೆಯಲಿಲ್ಲ. ಅರಮನೆಯ ಮೆಟ್ಟಿಲ ಮೇಲೆಯೇ ಕೂತು, ಸೆರಗಿನ ತುದಿಯನ್ನು ಅದ್ದಿ ಅದ್ದಿ ಕೂಸಿನ ಬಾಯಿಗೆ ಹಿಂಡಿದಳು. ಅರಸ ನೋಡುತ್ತ ನಿಂತಿದ್ದ. ನೋಡಲಿ ಎಂದೇ ಅವಳು ಅಲ್ಲಿ ಕೂತದ್ದು.

ಮಾಂಚರಸ ಆ ಅರಮನೆಯಲ್ಲೇ ಇದ್ದ. ನೆಂಟರಿಲ್ಲ, ಆಳಿಲ್ಲ, ಗೋಡೆಯಲ್ಲಿ ತನ್ನ ಮುಖವನ್ನೇ ನೋಡಿಕೊಂಡು ಮುದುಕನಾದ ಎನ್ನುತ್ತಾರೆ. ಚಟ್ಟಯ್ಯ ಕೆಲಸ ಕಳೆದುಕೊಂಡು ಒಮ್ಮೆ ಹಟ್ಟಿಗೆ ಮಜ್ಜಿಗೆ ಬೇಡಿ ಬಂದ. ಮಾಳವ್ವೆ ಕೊಟ್ಟಳು. ಕೇಮಕ್ಕ ತೀರಿಕೊಂಡಾಗ ಅವಳ ಬಟ್ಟಲನ್ನು ಬುದ್ಧನೆದುರು ಬೋರಲಾಗಿಯೇ ಇಟ್ಟರು; ಮಣ್ಣಿನದು ಒಡೆದುಹೋಯಿತು, ಅದಕ್ಕೇ ಆಮೇಲೆ ಈ ಕಲ್ಲಿನದನ್ನು ಕಡೆದರು. ಗುಡ್ಡಕ್ಕೆ ಹೆಸರು ಬಂದದ್ದು ಹೀಗೆ. ಒಳಕೋಣೆಯ ಗೋಡೆ ಇಂದಿಗೂ ಎದೆಯೆತ್ತರದವರೆಗೆ ಹೊಳೆಯುತ್ತದೆ, ಅದರ ಮೇಲೆ ಬರೀ ಒರಟು ಕಲ್ಲು. ಹೋಗುವಾಗ ನೋಡಿಕೊಂಡು ಹೋಗಿ. ಮಾಳವ್ವೆ ಮೊಮ್ಮಗ ಬೊಪ್ಪನ ಮದುವೆ ಕಂಡು ಸತ್ತಳು. ಅವನ ವಂಶದವರು ಹಟ್ಟಿಯಲ್ಲಿ ಇನ್ನೂ ಇದ್ದಾರೆ, ಆ ಗೋಡೆಯಲ್ಲಿ ಮಾತ್ರ ಮುಖ ನೋಡಿಕೊಳ್ಳುವುದಿಲ್ಲ. ಬೊಪ್ಪನ ಹಾಗೆ ಉಳಿಯದೆ ಹೋದ ಮಕ್ಕಳು, ನೀವು ಕಾರು ನಿಲ್ಲಿಸಿ ಬಂದಿರಲ್ಲ, ಆ ಬಯಲಿನ ಅಂಚಿಗೆ, ತಂಗಡಿ ಗಿಡಗಳ ಕೆಳಗಿದ್ದಾರೆ. ಅಲ್ಲಿ ಫಲಕವಿಲ್ಲ.